ಇಂಗ್ಲಿಷಿನ 'ವಾಟ್' ಕೊರಿಯನ್‌ನಲ್ಲಿ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯನ್ ಧಾರಾವಾಹಿ ನೋಡಿ ಭಾಷೆಯ ಹುಚ್ಚು ಹಿಡಿದವರು, ಕೊರಿಯಾದ ಕಂಪನಿಗಳಲ್ಲಿ ಕೆಲಸ ಮಾಡುವವರು, ಕೊರಿಯನ್ ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಟೋಪಿಕ್ ಪರೀಕ್ಷೆಗೆ ಓದುತ್ತಿರುವವರು ಎಲ್ಲರೂ ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ಹೆಸರಿಗೂ ವಾಟ್, ಟೈಮಿಗೂ ವಾಟ್, ಅಭಿಪ್ರಾಯಕ್ಕೂ ವಾಟ್. ಕೊರಿಯನ್‌ನಲ್ಲಿ ಇವು ಬೇರೆ ಬೇರೆ ಪದಗಳು. ಆದರೆ ಕನ್ನಡದವರಿಗೆ ಇದು ಅಂದುಕೊಂಡಷ್ಟು ಕಷ್ಟವಿಲ್ಲ. ಇಂಗ್ಲಿಷನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಕೇಳಬೇಕಾದ್ದನ್ನು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲೇ ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಕೊರಿಯನ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೀರಿ. ಹಾಗೇ ಓದಿದರೆ ಸರಿನಾ?

ಸುಮಾರಾಗಿ ಸರಿ. ಇಲ್ಲಿ ಹ್ರಸ್ವ 'ಒ' ಕಂಡಲ್ಲೆಲ್ಲ 'ಅ' ಮತ್ತು 'ಒ' ಎರಡರ ನಡುವಿನ ಸ್ವರ ಹೇಳಬೇಕು. ದೀರ್ಘ 'ಓ' ಇದ್ದಲ್ಲಿ ತುಟಿ ದುಂಡಗೆ ಮಾಡಿ. 'ಮುಸುನ್' ಎಂಬ ಪದದ ಎರಡನೇ 'ಉ' ಇದೆಯಲ್ಲ, ಅದನ್ನು ತುಟಿ ಅಗಲಿಸಿಕೊಂಡು ಹೇಳಬೇಕು. ಪದದ ಕೊನೆಯ 'ತ್' ಪೂರ್ತಿ ಹೊರಗೆ ಬರುವುದಿಲ್ಲ, ನಾಲಿಗೆ ಹಲ್ಲಿನ ಹಿಂದೆ ತಾಗಿ ಅಲ್ಲೇ ನಿಲ್ಲುತ್ತದೆ. ಮಹಾಪ್ರಾಣ ಬರೆದಿದ್ದರೆ ಅದನ್ನು ನಿಜವಾಗಿಯೂ ಹೇಳಿ. ಮಾತಿನಲ್ಲಿ ನಾವು 'ಖ'ವನ್ನು 'ಕ' ಮಾಡಿಬಿಡುತ್ತೇವೆ. ಕೊರಿಯನ್‌ನಲ್ಲಿ ಹಾಗೆ ಮಾಡಿದರೆ ಪದವೇ ಬದಲಾಗಬಹುದು.

ಇದೆಲ್ಲ ತಾತ್ಕಾಲಿಕ ಊರುಗೋಲು ಅಷ್ಟೇ. ರಾಜ ಸೆಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದಿಟ್ಟ ಹಂಗುಲ್ ಲಿಪಿಯಲ್ಲಿ ಇಂದು ಮೂಲ ವ್ಯಂಜನಗಳು 14, ಮೂಲ ಸ್ವರಗಳು 10. ಒತ್ತಕ್ಷರ, ಕಾಗುಣಿತ ಕಲಿತ ಕೈಗೆ ಅದು ದೊಡ್ಡ ಕೆಲಸವೇನಲ್ಲ.

ಸರಿ, 'ವಾಟ್' ಅನ್ನೋದಕ್ಕೆ ನೇರವಾದ ಪದ ಯಾವುದು?

'ಮುಒತ್' ಮತ್ತು 'ಮ್ವೊ'. ಎರಡೂ ಒಂದೇ ಪದ. ಮೊದಲನೆಯದು ಪೂರ್ತಿ ರೂಪ, ಎರಡನೆಯದು ಬಾಯಲ್ಲಿ ಸವೆದು ಚಿಕ್ಕದಾದದ್ದು. ನಿಘಂಟಿನಲ್ಲಿ, ಪ್ರಶ್ನೆಪತ್ರಿಕೆಯಲ್ಲಿ, ಭಾಷಣದಲ್ಲಿ 'ಮುಒತ್' ಸಿಗುತ್ತದೆ. ಮನೆಯಲ್ಲಿ, ಅಂಗಡಿಯಲ್ಲಿ, ಧಾರಾವಾಹಿಯಲ್ಲಿ ಕೇಳುವುದು 'ಮ್ವೊ'. ಟೋಪಿಕ್‌ನ ಮೊದಲ ಹಂತದ ಓದುವ ವಿಭಾಗ ಶುರುವಾಗುವುದೇ 'ಮುಒಸೆ ದೆಹಾನ್...' ಎಂದು, ಅಂದರೆ 'ಇದು ಏನಿನ ಬಗ್ಗೆ' ಎಂದು. ಹಾಗಾಗಿ ಮಾತಿಗೆ ಬೇಡ ಅನ್ನಿಸಿದರೂ ಪೂರ್ತಿ ರೂಪವನ್ನು ಬಿಡುವ ಹಾಗಿಲ್ಲ.

'ಇದು ಏನು?' ಎಂಬುದನ್ನೇ ನೋಡಿ. ಗೆಳೆಯನಿಗೆ 'ಇಗೊ ಮ್ವೊಯಾ?' ಪರಿಚಯವಿಲ್ಲದವರಿಗೆ, ಸಹೋದ್ಯೋಗಿಗೆ 'ಇಗೊ ಮ್ವೊಯೆಯೋ?' ಸಭೆಯಲ್ಲಿ, ಟಿವಿ ಸುದ್ದಿಯಲ್ಲಿ 'ಇಗೊಸುನ್ ಮುಒಶಿಮ್ನಿಕ್ಕಾ?' ಮೂರರ ಅರ್ಥವೂ ಒಂದೇ, ಮರ್ಯಾದೆ ಬೇರೆ.

ವಾಕ್ಯದಲ್ಲಿ ಅದನ್ನು ಎಲ್ಲಿ ಇಡಬೇಕು? ಇಂಗ್ಲಿಷಿನ ಹಾಗೆ ಮೊದಲಿಗೆ ತರಬೇಕಾ?

ಬೇಡ. ಕನ್ನಡದಲ್ಲಿ ಎಲ್ಲಿಡುತ್ತೀರೋ ಅಲ್ಲೇ ಇಡಿ. 'ನೀವು ಈಗ ಏನು ಮಾಡ್ತಿದ್ದೀರಿ?' ಎಂಬಲ್ಲಿ 'ಏನು' ಕ್ರಿಯಾಪದದ ಹಿಂದೆಯೇ ಇದೆ. 'ಚಿಗುಮ್ ಮ್ವೊ ಹೆಯೋ?' ಎಂಬಲ್ಲೂ ಹಾಗೇ: ಈಗ, ಏನು, ಮಾಡ್ತಿದ್ದೀರಿ. 'ನೀವು' ಎನ್ನುವ ಪದವನ್ನೇ ಬಿಟ್ಟಿರುವುದನ್ನು ಗಮನಿಸಿ. ಕನ್ನಡದಲ್ಲೂ ಬಿಡುತ್ತೇವೆ ಅಲ್ವಾ? ಕೊರಿಯನ್‌ನಲ್ಲಿ ಬಿಡದಿದ್ದರೆ ಒರಟಾಗಿ ಕೇಳಿಸುವುದೇ ಜಾಸ್ತಿ.

ವಿಭಕ್ತಿ ಪ್ರತ್ಯಯದ ಕಥೆಯೂ ಹತ್ತಿರದ್ದೇ. 'ಏನನ್ನು' ಎಂಬುದಕ್ಕೆ 'ಮ್ವೊಲ್' ಅನ್ನಬಹುದು. ಆದರೆ ನಾವು 'ಏನನ್ನು ತಿಂತೀರಿ' ಎಂದು ಕೇಳುವುದು ಅಪರೂಪ, 'ಏನು ತಿಂತೀರಿ' ಅಂತೇವೆ. ಅವರೂ 'ಮ್ವೊ ಮೊಗೊಯೋ?' ಎಂದೇ ಮುಗಿಸುತ್ತಾರೆ. ಇನ್ನು 'ನಿಮಗೆ ಏನು ಇಷ್ಟ?' ಎಂಬ ಪ್ರಶ್ನೆ. ಇಂಗ್ಲಿಷಿನಲ್ಲಿ ಇಷ್ಟಪಡುವವನು ಕರ್ತೃ. ಕನ್ನಡದಲ್ಲಿ ಇಷ್ಟವಾಗುವ ವಸ್ತುವೇ ಕರ್ತೃ. ಕೊರಿಯನ್‌ನ 'ಮ್ವೊಗಾ ಚೋಆಯೋ?' ಕೂಡ ಹಾಗೇ. ಅಲ್ಲಿ 'ಗಾ' ಕರ್ತೃವಿನ ಗುರುತು.

'ವಾಟ್ ಟೈಮ್' ಅನ್ನೋದಕ್ಕೆ 'ಮ್ವೊ' ಬಳಸಿದರೆ ಯಾಕೆ ನಗುತ್ತಾರೆ?

ನೀವು 'ಏನು ಗಂಟೆ?' ಎಂದು ಕೇಳಿದ ಹಾಗೆ ಆಯಿತು, ಅದಕ್ಕೆ. ಕನ್ನಡದಲ್ಲಿ ಗಂಟೆಗೆ 'ಎಷ್ಟು' ಬೇಕು. ಕೊರಿಯನ್‌ನಲ್ಲೂ 'ಎಷ್ಟು' ಬೇಕು. ಆ ಪದ 'ಮ್ಯೊತ್'.

ಎಷ್ಟು ಗಂಟೆ? 'ಮ್ಯೊತ್ ಶಿಯೆಯೋ?' ಬಾಯಲ್ಲಿ ಅದು 'ಮ್ಯೊಶ್ಶಿಯೆಯೋ' ಎಂದು ಕೂಡಿಕೊಳ್ಳುತ್ತದೆ. ವಯಸ್ಸು ಎಷ್ಟು? 'ಮ್ಯೊತ್ ಸಾರಿಯೆಯೋ?' ಎಷ್ಟನೇ ಮಹಡಿ? 'ಮ್ಯೊತ್ ಛುಂಗ್'. ಎಷ್ಟನೇ ನಂಬರ್ ಬಸ್? 'ಮ್ಯೊತ್ ಬೊನ್ ಬೊಸು'. ಇವತ್ತು ತಾರೀಖು ಎಷ್ಟು? 'ಓನುರಿ ಮ್ಯೊಛಿರಿಯೆಯೋ?' ವಯಸ್ಸು ಬಿಟ್ಟು ಉಳಿದವಕ್ಕೆಲ್ಲ ಇಂಗ್ಲಿಷ್ ವಾಟ್ ಹಾಕುತ್ತದೆ. ಕನ್ನಡ ಮತ್ತು ಕೊರಿಯನ್ ಎರಡೂ ಸಂಖ್ಯೆ ಕೇಳುವ ಪ್ರಶ್ನೆಗೆ ಸಂಖ್ಯೆಯ ಪದವನ್ನೇ ಹಾಕುತ್ತವೆ. ಇಂಗ್ಲಿಷಿನ ಮೂಲಕ ಕಲಿಯುವವರು ಇವನ್ನೆಲ್ಲ ಒಂದೊಂದಾಗಿ ಬಾಯಿಪಾಠ ಮಾಡುತ್ತಾರೆ. ನಮಗೆ ಆ ಕೆಲಸ ಉಳಿಯಿತು.

ಒಂದು ಕಡೆ ಮಾತ್ರ ಎಚ್ಚರ ಬೇಕು. ನಮ್ಮ 'ಎಷ್ಟು' ಅಲ್ಲಿ ಎರಡಾಗಿ ಒಡೆಯುತ್ತದೆ. ಎಣಿಸಿ ಹೇಳುವುದಕ್ಕೆ 'ಮ್ಯೊತ್', ಬೆಲೆಗೆ 'ಒಲ್ಮಾ'. ತರಕಾರಿ ಅಂಗಡಿಯಲ್ಲಿ 'ಒಲ್ಮಾಯೆಯೋ?' ಎಂದು ಕೇಳಬೇಕು. ಅಲ್ಲಿ 'ಮ್ಯೊತ್' ನಡೆಯುವುದಿಲ್ಲ.

'ಮುಸುನ್', 'ಒತ್ತೊನ್', 'ಒನು' ಮೂರಕ್ಕೂ ಪುಸ್ತಕದಲ್ಲಿ 'ವಾಟ್' ಅಥವಾ 'ವಿಚ್' ಎಂದೇ ಬರೆದಿರುತ್ತದೆ. ವ್ಯತ್ಯಾಸ ಏನು?

ಕಲಿಯುವವರನ್ನು ಜಾಸ್ತಿ ಕಾಡುವುದು ಇದೇ. ಮೂರೂ ನಾಮಪದದ ಹಿಂದೆ ಬರುತ್ತವೆ, ಒಂಟಿಯಾಗಿ ನಿಲ್ಲುವುದಿಲ್ಲ.

'ಒನು' ಎಂದರೆ ಇರುವ ಕೆಲವುಗಳಲ್ಲಿ ಯಾವುದು ಎಂದು ಆರಿಸಿ ಹೇಳುವುದು. 'ಒನು ನಾರಾ ಸಾರಾಮಿಯೆಯೋ?' ಅಂದರೆ ಯಾವ ದೇಶದವರು? ದೇಶಗಳ ಪಟ್ಟಿ ಇದೆ, ಅದರಲ್ಲಿ ಒಂದು. 'ಒತ್ತೊನ್' ಎಂದರೆ ಎಂಥದ್ದು, ಅದರ ಗುಣ ಏನು ಎಂದು. 'ಒತ್ತೊನ್ ಸಾರಾಮಿಯೆಯೋ?' ಎಂದರೆ 'ಎಂಥ ಮನುಷ್ಯ?' ಒಳ್ಳೆಯವನಾ, ಮುಂಗೋಪಿಯಾ ಎಂದು ಉತ್ತರ ಬರಬೇಕು. 'ಮುಸುನ್' ಇವೆರಡಕ್ಕಿಂತ ಸಡಿಲ. ನನಗೆ ಏನೂ ಗೊತ್ತಿಲ್ಲ, ಅದು ಏನು ಅಂತ ಹೇಳಿ ಎನ್ನುವ ಧಾಟಿ ಅದಕ್ಕಿದೆ. 'ಮುಸುನ್ ಯೊಂಗ್ಹ್ವಾ ಬ್ವಾಸ್ಸೊಯೋ?' ಅಂದರೆ 'ಏನ್ ಸಿನಿಮಾ ನೋಡಿದ್ರಿ?' ಹೆಸರು ಹೇಳಿದರೂ ಆಯಿತು, ಹಾರರ್ ಎಂದರೂ ಆಯಿತು. ವಾರದ ಹೆಸರು ಕೇಳಲು ಯಾವಾಗಲೂ 'ಮುಸುನ್' ಬೇಕು: 'ಮುಸುನ್ ನ್ಯೋಇರಿಯೆಯೋ?'

ಮಾತಿನಲ್ಲಿ ಕೊರಿಯನ್ನರೇ ಇವನ್ನು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ, ಅದರಲ್ಲೂ 'ಮುಸುನ್' ಮತ್ತು 'ಒತ್ತೊನ್' ಅದಲುಬದಲಾಗುವುದು ಮಾಮೂಲು. ಹಾಗಾಗಿ ತಪ್ಪಾದರೆ ಅರ್ಥ ಕೆಡುವುದಿಲ್ಲ.

ಮಂಗಳೂರು, ಮಲೆನಾಡಿನ ಕಡೆಯವರಿಗೆ ಒಂದು ಮಾತು. ನಿಮ್ಮ 'ಎಂಥ ಮಾಡ್ತಿದ್ದೀರಿ?'ಯ 'ಎಂಥ' ಇಲ್ಲಿನ 'ಒತ್ತೊನ್' ಅಲ್ಲ. ಅದು ಬರೀ 'ಮ್ವೊ'.

'ಮುಸುನ್ ನಿಲ್' ಅಂತ ಧಾರಾವಾಹಿಯಲ್ಲಿ ನಿಮಿಷಕ್ಕೊಮ್ಮೆ ಕೇಳಿಸುತ್ತದೆ. ಅದು ಏನು?

'ಇಲ್' ಎಂದರೆ ಕೆಲಸವೂ ಹೌದು, ಸಂಗತಿಯೂ ಹೌದು. 'ಮುಸುನ್' ಹಿಂದೆ ಬಂದಾಗ ನಡುವೆ ಒಂದು 'ನ' ಹುಟ್ಟಿಕೊಂಡು 'ಮುಸುನ್ ನಿಲ್' ಆಗುತ್ತದೆ. ಬರೆಯುವಾಗ ಆ 'ನ' ಇರುವುದಿಲ್ಲ. 'ಮುಸುನ್ ನಿರಿಯೆಯೋ?' ಎಂದರೆ 'ಏನು ವಿಷಯ?', 'ಏನಾಯ್ತು?' ಬಾಗಿಲು ತಟ್ಟಿದವರನ್ನೂ ಹೀಗೇ ಕೇಳುತ್ತಾರೆ, ಅಳುತ್ತಿರುವವರನ್ನೂ ಹೀಗೇ ಕೇಳುತ್ತಾರೆ. 'ಮುಸುನ್ ನಿರಿಸ್ಸೊಯೋ?' ಎಂದರೆ 'ಏನಾದ್ರೂ ತೊಂದರೆನಾ?' ಆದರೆ 'ಮುಸುನ್ ನಿಲ್ ಹಾಸೆಯೋ?' ಎಂದರೆ 'ಏನ್ ಕೆಲಸ ಮಾಡ್ತೀರಿ?' ಎಂದು ಉದ್ಯೋಗ ವಿಚಾರಿಸಿದ್ದು. ಕೊನೆಯ ಕ್ರಿಯಾಪದ ಕೇಳುವ ತನಕ ಉತ್ತರ ಕೊಡಲು ಅವಸರ ಬೇಡ.

ಇದೇ 'ಮುಸುನ್' ಗದರಿಸುವುದಕ್ಕೂ ಬರುತ್ತದೆ. 'ಮುಸುನ್ ಸೋರಿಯಾ!' ಎಂದರೆ 'ಏನು ಮಾತು ಇದು!' ಯಾರಾದರೂ ಜಾಸ್ತಿ ಹೊಗಳಿದಾಗ ವಿನಯದಿಂದ 'ಮುಸುನ್ ಮಾಲ್ಸುಮುಲ್ಯೋ' ಅನ್ನುತ್ತಾರೆ. ನಮ್ಮ 'ಅಯ್ಯೋ, ಏನ್ ಮಾತು ಅಂತ ಆಡ್ತೀರಿ' ಎಂಬುದರ ತದ್ರೂಪು.

ಹೆಸರು ಕೇಳುವಾಗ 'ಮ್ವೊಯೆಯೋ' ಸಾಕಾ?

ಸಮವಯಸ್ಕರಿಗೆ, ಮಕ್ಕಳಿಗೆ ಸಾಕು. 'ಇರುಮಿ ಮ್ವೊಯೆಯೋ?' ಅಂದರೆ 'ಹೆಸರೇನು?' ಹಿರಿಯರಿಗೆ, ಗ್ರಾಹಕರಿಗೆ, ಮೇಲಧಿಕಾರಿಗೆ ಸಾಲದು. ಅವರಿಗೆ 'ಸೊಂಗ್‌ಹಾಮಿ ಒತ್ತೊಖೆ ದ್ವೆಸೆಯೋ?' ಎಂದು ಕೇಳಬೇಕು. ಇಲ್ಲಿ ಎರಡು ಬದಲಾವಣೆ ಆಗಿದೆ. ಹೆಸರಿಗೆ ಗೌರವದ ಪದ ಬಂದಿದೆ. 'ಏನು' ಹೋಗಿ 'ಒತ್ತೊಖೆ', ಅಂದರೆ 'ಹೇಗೆ', ಬಂದಿದೆ. ಪದಶಃ ಹೇಳಿದರೆ 'ತಮ್ಮ ಹೆಸರು ಹೇಗಾಗುತ್ತದೆ?' ಹಿರಿಯರ ವಯಸ್ಸನ್ನೂ ಹೀಗೇ ಕೇಳುತ್ತಾರೆ: 'ಯೊನ್ಸೆಗಾ ಒತ್ತೊಖೆ ದ್ವೆಸೆಯೋ?' ಅಜ್ಜನಿಗೆ 'ಮ್ಯೊತ್ ಸಾರಿಯೆಯೋ' ಎಂದರೆ ಮಗುವನ್ನು ಕೇಳಿದ ಹಾಗೆ ಇರುತ್ತದೆ.

ಕನ್ನಡದ ಸೇತುವೆ ಕುಸಿಯುವುದು ಇಲ್ಲಿ. ಗೌರವಕ್ಕೆ ನಾವು 'ನಿಮ್ಮ'ವನ್ನು 'ತಮ್ಮ' ಮಾಡುತ್ತೇವೆ, ಪ್ರಶ್ನಾಪದವನ್ನು ಮುಟ್ಟುವುದಿಲ್ಲ. ಅವರು ನೇರವಾಗಿ 'ಏನು' ಎಂದು ಬೆರಳು ತೋರಿಸುವುದನ್ನೇ ತಪ್ಪಿಸುತ್ತಾರೆ.

'ನಿಮಗೇನನ್ನಿಸುತ್ತೆ?' ಎಂಬುದೂ ಇದೇ ಗುಂಪಿಗೆ ಸೇರುತ್ತದೆ. 'ಒತ್ತೊಖೆ ಸೆಂಗ್‌ಗಾಖಾಸೆಯೋ?' ಅಂದರೆ 'ಹೇಗೆ ಯೋಚಿಸುತ್ತೀರಿ?' ಇಂಗ್ಲಿಷಿನಿಂದ ಬಂದರೂ ಕನ್ನಡದಿಂದ ಬಂದರೂ ಬಾಯಿಗೆ 'ಮ್ವೊ' ಬರುತ್ತದೆ. ಇದೊಂದನ್ನು ಬಾಯಿಪಾಠ ಮಾಡಲೇಬೇಕು.

ಎದುರಿನವರ ಮಾತು ಕೇಳಿಸದಿದ್ದಾಗ 'ಮ್ವೊ?' ಅನ್ನಬಹುದಾ?

ಗೆಳೆಯರ ನಡುವೆ ಅನ್ನಿ. ಉಳಿದವರ ಹತ್ತಿರ ಬೇಡ, 'ಏನು?' ಎಂದು ಮುಖಕ್ಕೆ ಎಸೆದ ಹಾಗೆ ಆಗುತ್ತದೆ. ಸುರಕ್ಷಿತವಾದದ್ದು 'ನೆ?' ಎಂಬ ಒಂದೇ ಅಕ್ಷರ. 'ನೆ' ಎಂದರೆ ಹೌದು. ಸ್ವರ ಮೇಲೇರಿಸಿ ಕೇಳಿದರೆ 'ಏನಂದ್ರಿ?' ನಾವು 'ಹಾಂ' ಎಂದು ಒಪ್ಪಿಕೊಂಡು, 'ಹಾಂ?' ಎಂದು ಮತ್ತೆ ಕೇಳುವುದಿಲ್ಲವೇ, ಹಾಗೇ.

ಇನ್ನೊಂದು 'ಮ್ವೊರಾಗೋಯೋ?' ಇದರಲ್ಲಿ 'ರಾಗೋ' ಎಂಬುದು ನಮ್ಮ 'ಅಂತ'. 'ಮ್ವೊರಾಗೋ ಹೆಸ್ಸೊಯೋ?' ಎಂದರೆ 'ಏನಂತ ಹೇಳಿದ್ರಿ?' ಒಂದೊಂದು ತುಂಡೂ ಕೂಡುತ್ತದೆ. ಇಂಗ್ಲಿಷಿನಲ್ಲಿ 'ಅಂತ' ಕೂರುವ ಜಾಗವೇ ಬೇರೆ, ಹಾಗಾಗಿ ಆ ದಾರಿಯಲ್ಲಿ ಬಂದವರು ಇದಕ್ಕೆ ಪಾಡುಪಡುತ್ತಾರೆ. ಧ್ವನಿ ಮಾತ್ರ ಮೃದುವಾಗಿರಲಿ. ಗಟ್ಟಿಯಾಗಿ ಹೇಳಿದರೆ ಜಗಳಕ್ಕೆ ಕರೆದ ಹಾಗೆ.

ಯಾರಾದರೂ ಹೆಸರು ಹಿಡಿದು ಕರೆದರೆ 'ಏನು?' ಅನ್ನೋದಕ್ಕೆ?

'ವೆ?' ಗೌರವಕ್ಕೆ 'ವೆಯೋ?' ಪದದ ಅರ್ಥ 'ಯಾಕೆ'. ಕೂಗಿದ ಮಗನಿಗೆ ಅಮ್ಮ 'ಏನೋ?' ಅನ್ನುವ ಜಾಗದಲ್ಲಿ ಕೊರಿಯನ್ ಅಮ್ಮ 'ವೆ?' ಅನ್ನುತ್ತಾಳೆ. ಸಬ್‌ಟೈಟಲ್‌ನಲ್ಲಿ 'ಯಾಕೆ' ಎಂದು ಬಂದರೆ ವಿಚಿತ್ರವಾಗಿ ಕಾಣುತ್ತದೆ, ಆದರೆ ಅಲ್ಲಿ ಸಿಟ್ಟೇನೂ ಇಲ್ಲ.

ಕೊನೆಗೆ ಬರುವ 'ಯೋ' ಏನು?

ಉತ್ತರ ಕರ್ನಾಟಕದವರಿಗೆ ಒಂದೇ ಸಾಲಿನಲ್ಲಿ ಹೇಳಬಹುದು: ಅದು 'ರೀ'. ಯಾಕ್ರೀ, ಹೌದ್ರೀ, ಬರ್ರೀ ಎಂದು ಯಾವುದಕ್ಕೆ ಬೇಕಾದರೂ ಅಂಟಿಸಿ ಮಾತನ್ನು ಮೆತ್ತಗೆ ಮಾಡುವ ಹಾಗೆ ಅವರು 'ಯೋ' ಅಂಟಿಸುತ್ತಾರೆ. 'ವೆ' ಎಂದರೆ ಯಾಕೆ, 'ವೆಯೋ' ಎಂದರೆ ಯಾಕ್ರೀ. ಆದರೆ 'ಮ್ವೊಯೋ?' ಎಂದು ಒಂಟಿಯಾಗಿ ಹೇಳಿದರೆ 'ಯೋ' ಇದ್ದೂ ಒರಟಾಗಿ ಕೇಳಿಸುತ್ತದೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಗಾಡಿ ತಾಗಿದಾಗ ಕೇಳುವ 'ಏನ್ರೀ?' ನೆನಪಿಸಿಕೊಳ್ಳಿ. ಅದರಲ್ಲೂ 'ರೀ' ಇದೆ.

'ಮ್ವೊ ಮೊಗೊಸ್ಸೊಯೋ?' ಅಂದರೆ 'ಏನು ತಿಂದ್ರಿ' ಅಂತಲೋ, 'ಏನಾದ್ರೂ ತಿಂದ್ರಾ' ಅಂತಲೋ?

ಎರಡೂ ಆಗಬಹುದು. ಸೋಲ್‌ನ ಪ್ರಮಾಣ ಭಾಷೆಯಲ್ಲಿ ಇದನ್ನು ಧ್ವನಿಯ ಏರಿಳಿತದಿಂದಲೇ ತಿಳಿಯಬೇಕು. 'ಮ್ವೊ' ಮೇಲೆ ಒತ್ತು ಬಿದ್ದರೆ 'ಏನು'. ಒತ್ತು ಕ್ರಿಯಾಪದಕ್ಕೆ ಹೋಗಿ ಕೊನೆ ಚೆನ್ನಾಗಿ ಮೇಲೇರಿದರೆ 'ಏನಾದ್ರೂ'.

ನನಗೆ ತುಂಬ ಇಷ್ಟವಾದ ಸಂಗತಿ ಇರುವುದು ದಕ್ಷಿಣದ ಬುಸಾನ್ ಕಡೆಯ ಗ್ಯೊಂಗ್‌ಸಾಂಗ್ ಆಡುಮಾತಿನಲ್ಲಿ. ಅಲ್ಲಿ ಈ ಗೊಂದಲವೇ ಇಲ್ಲ. ಏನು, ಎಲ್ಲಿ, ಯಾಕೆ ಎಂದು ಕೇಳುವ ಪ್ರಶ್ನೆ 'ನೋ' ಎಂದು ಮುಗಿಯುತ್ತದೆ. ಹೌದು, ಇಲ್ಲ ಎಂದು ಉತ್ತರಿಸುವ ಪ್ರಶ್ನೆ 'ನಾ' ಎಂದು ಮುಗಿಯುತ್ತದೆ. 'ಮ್ವೊ ಮೊಂಗ್ನೋ?' ಎಂದರೆ 'ಏನ್ ತಿಂತೀಯ?' 'ಮ್ವೊ ಮೊಂಗ್ನಾ?' ಎಂದರೆ 'ಏನಾದ್ರೂ ತಿಂತೀಯಾ?' ಕನ್ನಡದ ಎರಡು ವಾಕ್ಯಗಳ ಕೊನೆಯನ್ನು ಮತ್ತೆ ನೋಡಿ. ನಾವೂ ಹೌದು-ಇಲ್ಲ ಪ್ರಶ್ನೆಗೆ ಮಾತ್ರ 'ಆ' ಸೇರಿಸುತ್ತೇವೆ. 'ಊಟ ಆಯ್ತಾ?' ಸರಿ, 'ಏನು ಊಟ ಆಯ್ತಾ?' ಎಂದರೆ ಅರ್ಥ ಬೇರೆ. ಇಂಥ ವ್ಯತ್ಯಾಸ ಹಳೆಯ ಕೊರಿಯನ್‌ನಲ್ಲೂ ಇತ್ತು. ಸೋಲ್ ಬಿಟ್ಟುಕೊಟ್ಟದ್ದನ್ನು ಬುಸಾನ್ ಉಳಿಸಿಕೊಂಡಿದೆ.

'ಏನೋ', 'ಏನಾದರೂ', 'ಏನೂ' ಇವಕ್ಕೆ ಏನು ಹೇಳಬೇಕು?

'ಏನೋ' ಎಂಬುದಕ್ಕೆ 'ಮ್ವೊನ್ಗಾ'. 'ಏನಾದರೂ ಸರಿ' ಎಂಬುದಕ್ಕೆ 'ಮ್ವೊದುನ್ಜಿ'. ನಾವು 'ಏನು'ಗೆ ಬಾಲ ಅಂಟಿಸಿದ ಹಾಗೇ ಅವರೂ ಅಂಟಿಸಿದ್ದಾರೆ. 'ಏನೂ' ಬಂದಾಗ ಮಾತ್ರ ದಾರಿ ಬೇರೆ. ಅಲ್ಲಿ 'ಆಮುಗೊತ್ತೋ' ಎಂಬ ಪದ ಬರುತ್ತದೆ, ಅದರಲ್ಲಿ 'ಮ್ವೊ' ಇಲ್ಲವೇ ಇಲ್ಲ. 'ಆಮುಗೊತ್ತೋ ಒಪ್ಸೊಯೋ', ಏನೂ ಇಲ್ಲ. 'ಮ್ವೊದೋ' ಎಂದು ನೀವೇ ಕಟ್ಟಿಕೊಂಡರೆ ನಡೆಯುವುದಿಲ್ಲ.

ಜೊತೆಗೆ ಒಂದು ಉಪಯೋಗದ ಪದ ಕೊಡುತ್ತೇನೆ: 'ಗುನ್ಯಾಂಗ್'. 'ಮ್ವೊ ಹೆಯೋ?' ಎಂದು ಕೇಳಿದರೆ 'ಗುನ್ಯಾಂಗ್ ಇಸ್ಸೊಯೋ' ಎಂದು ಉತ್ತರ ಬರುತ್ತದೆ. ಸುಮ್ನೆ ಇದ್ದೀನಿ. ನಮ್ಮ 'ಸುಮ್ನೆ'ಗೆ ಇಷ್ಟು ಸರಿಯಾಗಿ ಹೊಂದುವ ಪದ ಇಂಗ್ಲಿಷಿನಲ್ಲಿ ನನಗಂತೂ ಸಿಕ್ಕಿಲ್ಲ.

'ವಾಟ್ ಐ ಏಟ್' ಅನ್ನುವಾಗಿನ ವಾಟ್?

ಅದು ಪ್ರಶ್ನೆಯೇ ಅಲ್ಲ. ಕನ್ನಡದಲ್ಲಿ ಹೇಳಿ ನೋಡಿ: 'ನಾನು ತಿಂದದ್ದು'. 'ಏನು' ಎಲ್ಲೂ ಬರಲಿಲ್ಲ. ಕೊರಿಯನ್‌ನಲ್ಲೂ ಬರುವುದಿಲ್ಲ: 'ನೆಗಾ ಮೊಗುನ್ ಗೊತ್'. 'ಮೊಗುನ್' ಎಂದರೆ ತಿಂದ, 'ಗೊತ್' ಎಂದರೆ ವಸ್ತು, ಸಂಗತಿ. ಮಾತಿನಲ್ಲಿ 'ಗೊ' ಎಂದಷ್ಟೇ ಉಳಿಯುತ್ತದೆ. 'ಅವನು ಏನ್ ಮಾಡ್ತಾನೋ ಗೊತ್ತಿಲ್ಲ' ಎಂಬಲ್ಲಿ ಮಾತ್ರ 'ಮ್ವೊ' ಮರಳಿ ಬರುತ್ತದೆ: 'ಮ್ವೊ ಹಾನುನ್ಜಿ ಮೋಲ್ಲಾಯೋ'. ನಮ್ಮ 'ಓ' ಮಾಡುವ ಕೆಲಸವನ್ನು ಅಲ್ಲಿ 'ನುನ್ಜಿ' ಮಾಡುತ್ತದೆ.

ಇಷ್ಟೊಂದು ಹೋಲಿಕೆ ಇದೆಯಲ್ಲ, ಕನ್ನಡ ಮತ್ತು ಕೊರಿಯನ್ ಒಂದೇ ಕುಟುಂಬವಾ?

ಅಲ್ಲ. 1886ರಲ್ಲಿ ಪಾಠ ಹೇಳಲು ಕೊರಿಯಾಕ್ಕೆ ಹೋದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವರು ಮುಂದೆ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಬರೆದರು. ಇಂದಿನ ಭಾಷಾವಿಜ್ಞಾನಿಗಳು ಆ ಸಂಬಂಧವನ್ನು ಒಪ್ಪುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ, ಪ್ರತ್ಯಯ ಅಂಟಿಸುವ ಭಾಷೆಗಳು ಹಲವಿವೆ, ಜಪಾನೀಸ್ ಮತ್ತು ಟರ್ಕಿಶ್ ಕೂಡ ಹಾಗೇ. ಅಪ್ಪನಿಗೆ 'ಆಪ್ಪಾ', ಅಮ್ಮನಿಗೆ 'ಒಮ್ಮಾ' ಎಂಬುದನ್ನು ಕಂಡು ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳನ್ನು ನಂಬಬೇಡಿ. ಮಕ್ಕಳ ಬಾಯಿಗೆ ಮೊದಲು ಬರುವ ಸದ್ದುಗಳು ಪ್ರಪಂಚದ ಎಷ್ಟೋ ಕಡೆ ಹೀಗೇ ಇವೆ. ಬಂಧುತ್ವ ಇಲ್ಲದಿದ್ದರೂ ಹೋಲಿಕೆಯ ಲಾಭ ಪಡೆಯಲು ಅಡ್ಡಿಯೇನಿಲ್ಲ.

ಅನುವಾದದ ಆ್ಯಪ್ ನಂಬಬಹುದಾ?

ಒಂದೇ ಪದ ಹಾಕಿದರೆ ನಂಬಬೇಡಿ. 'ವಾಟ್' ಎಂದಷ್ಟೇ ಟೈಪ್ ಮಾಡಿದರೆ ಯಾರಿಗೆ, ಯಾವುದರ ಬಗ್ಗೆ ಎಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಪೂರ್ತಿ ವಾಕ್ಯ ಹಾಕಿ. ಬಂದ ಉತ್ತರದ ಕೊನೆಯಲ್ಲಿ 'ಯೋ' ಅಥವಾ 'ನಿಕ್ಕಾ' ಇದೆಯೇ ನೋಡಿ. ಇಲ್ಲದಿದ್ದರೆ ಅದು ಏಕವಚನ, ಕಚೇರಿಯಲ್ಲಿ ಬಳಸಬೇಡಿ. ಕೊರಿಯಾದ ನೇವರ್ ಕಂಪನಿಯ ಪಾಪಾಗೋದಲ್ಲಿ ಇಂಗ್ಲಿಷಿನಿಂದ ಅನುವಾದಿಸುವಾಗ ಗೌರವ ರೂಪಕ್ಕೆ ಬೇರೆ ಗುಂಡಿಯೇ ಇದೆ.

ಬರೆಯುವಾಗ ಜಾಸ್ತಿ ತಪ್ಪಾಗುವುದು ಎಲ್ಲಿ?

ಎರಡು ಕಡೆ. ಕೊರಿಯನ್ನರೂ ಎಡವುವ ಜಾಗಗಳಿವು. 'ಮ್ವೊಯೆಯೋ' ಬರೆಯುವಾಗ 'ಯೆ' ಬರೆಯಬೇಕು, 'ಎ' ಅಲ್ಲ, ಏಕೆಂದರೆ 'ಮ್ವೊ' ಸ್ವರದಲ್ಲಿ ಮುಗಿಯುತ್ತದೆ. ಉಚ್ಚಾರಣೆಯಲ್ಲಿ ಎರಡೂ ಒಂದೇ ಥರ ಕೇಳಿಸುವುದರಿಂದ ಮೆಸೇಜುಗಳಲ್ಲಿ ತಪ್ಪು ರೂಪವೇ ಓಡಾಡುತ್ತಿರುತ್ತದೆ. ಇನ್ನೊಂದು ತಾರೀಖು ಕೇಳುವ 'ಮ್ಯೊಛಿಲ್'. ಅದು 'ಮ್ಯೊತ್' ಮತ್ತು ದಿನ ಎಂಬ ಅರ್ಥದ 'ಇಲ್' ಸೇರಿ ಆದದ್ದು ಎಂದುಕೊಂಡು ಬಿಡಿಸಿ ಬರೆಯುತ್ತಾರೆ. ನಿಯಮದ ಪ್ರಕಾರ ಅದು ಬಿಡಿಸಲಾಗದ ಒಂದೇ ಪದ, ಉಚ್ಚರಿಸಿದ ಹಾಗೇ ಬರೆಯಬೇಕು. ತಿಂಗಳನ್ನು ಕೇಳುವಾಗ ಮಾತ್ರ 'ಮ್ಯೊತ್' ಮತ್ತು 'ವೊಲ್' ನಡುವೆ ಜಾಗ ಬಿಟ್ಟು ಬಿಡಿಯಾಗಿಯೇ ಬರೆಯಿರಿ, ಓದುವಾಗ 'ಮ್ಯೊದ್ವೊಲ್' ಎಂದು ಓದಿ.